ಎಂಟು ತಿಂಗಳು ಅಂಟುವಾಳ ಬಳಸಿದ ಮೇಲೆ: ಯಾವುದಕ್ಕೆ ಸೈ, ಯಾವುದಕ್ಕೆ ಬೇಡ

ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ನನ್ನ ಬೆರಳ ಸಂದಿಯಲ್ಲಿ ಚರ್ಮ ಸುಲಿಯುತ್ತಿತ್ತು. ಅದನ್ನು ನೋಡಿದ ಅತ್ತೆ, "ರೇಷ್ಮೆ ಸೀರೆಗೆ ಅಂಟುವಾಳ ಹಾಕ್ತೀವಲ್ಲಮ್ಮ, ಅಷ್ಟು ಮೆತ್ತಗಿರೋದು ಕೈಗೇನು ಮಾಡುತ್ತೆ, ಪಾತ್ರೆಗೂ ಹಾಕಿ ನೋಡು" ಅಂದರು. ಹಾಗೆ ಶುರುವಾಯಿತು. ಈಗ ಎಂಟು ತಿಂಗಳಾಯಿತು, ಮೂರನೇ ಪೊಟ್ಟಣ ನಡೀತಿದೆ.

ನಾನು ತರುವುದು ಬೆಂಗಳೂರಿನ ಚಿಕ್ಕಪೇಟೆ ಕಡೆಯ ಒಂದು ಗ್ರಂಧಿಗೆ ಅಂಗಡಿಯಿಂದ. "ಬೀಜ ಬಿಡಿಸಿದ್ದು ಕೊಡಲಾ ಅಮ್ಮ, ಇಡೀದು ಕೊಡಲಾ?" ಅಂತ ಅಂಗಡಿಯವರೇ ಕೇಳಿದರು. ಬಿಡಿಸಿದ್ದೇ ತಗೊಳ್ಳಿ. ರೇಟು ಜಾಸ್ತಿ ಅನ್ನಿಸುತ್ತೆ, ಆದರೆ ನೊರೆ ಬರೋದು ಸಿಪ್ಪೆಯಿಂದ ಮಾತ್ರ, ಗೋಲಿಯಂಥ ಆ ಕಪ್ಪು ಬೀಜದ ತೂಕಕ್ಕೆ ಸುಮ್ನೆ ಯಾಕೆ ದುಡ್ಡು ಕೊಡಬೇಕು ಅಲ್ವಾ? ನನಗೆ ಅರ್ಧ ಕೆಜಿಗೆ 120 ರೂಪಾಯಿ ಬಿತ್ತು. ಒಂದು ಸಿಪ್ಪೆ ಕೈಗೆ ತಗೊಂಡು ನೋಡಿ. ಒಳ್ಳೇದಾದರೆ ಜೇನಿನ ಬಣ್ಣ ಇರುತ್ತೆ, ಒತ್ತಿದರೆ ಬಾಗುತ್ತೆ, ಒಳಗಡೆ ಬೆರಳಿಗೆ ಅಂಟುತ್ತೆ. ಕಪ್ಪಗಾಗಿ ಪಟ್ ಅಂತ ಮುರಿದರೆ ಹಳೇದು. ಪುಡಿ ಮಾತ್ರ ಬೇಡ. ಅದರಲ್ಲಿ ಏನು ಬೆರೆಸಿದ್ದಾರೆ ಗೊತ್ತಾಗಲ್ಲ, ಡಬ್ಬಿ ತೆಗೆದರೆ ಸೀನು ಬೇರೆ.

ಹದಿನೈದು ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಕೈಯಲ್ಲಿ ಚೆನ್ನಾಗಿ ಕಿವುಚಿ ಬಟ್ಟೆಯಲ್ಲಿ ಸೋಸಿದರೆ ಆಯಿತು, ಡಿಕಾಕ್ಷನ್ ಬಣ್ಣದ ನೀರು ಸಿಗುತ್ತೆ. ಪಾತ್ರೆ ದೊಡ್ಡದಿರಲಿ. ಹಾಲು ಉಕ್ಕಿದ ಹಾಗೆ ಉಕ್ಕುತ್ತೆ, ನನ್ನ ಸ್ಟವ್ ಮೇಲೆಲ್ಲ ನೊರೆ ಹರಿದಿದೆ. ಅರ್ಧ ಕೆಜಿಯಲ್ಲಿ ಹನ್ನೆರಡು ಸಲಕ್ಕೆ ಮೋಸವಿಲ್ಲ, ಅಂದರೆ ಲೀಟರಿಗೆ ಹತ್ತು ರೂಪಾಯಿ. ಅದೇ ಆನ್‌ಲೈನ್‌ನಲ್ಲಿ 'ನ್ಯಾಚುರಲ್' ಅಂತ ಬಾಟಲಿಗೆ ತುಂಬಿ ಮಾರುವುದಕ್ಕೆ ಎಷ್ಟು ಕೇಳುತ್ತಾರೆ ನೋಡಿ.

ನೆಲಕ್ಕೆ ಇದು ತುಂಬಾ ಚೆನ್ನಾಗಿದೆ. ಅರ್ಧ ಬಕೆಟ್ ನೀರಿಗೆ ಒಂದು ಲೋಟ ಹಾಕಿ ಒರೆಸಿದರೆ ಟೈಲ್ಸ್ ಜಿಗುಟಾಗಲ್ಲ, ಬರಿಗಾಲಲ್ಲಿ ನಡೆದರೆ ಗೊತ್ತಾಗುತ್ತೆ. ನಮ್ಮದು ಬೋರ್‌ವೆಲ್ ನೀರು, ಸಿಕ್ಕಾಪಟ್ಟೆ ಗಡಸು. ಸೋಪು ಹಾಕಿದರೆ ನೀರಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಬಕೆಟ್ ಸುತ್ತ ಬಿಳಿ ಗಸಿ ಕಟ್ಟುತ್ತೆ. ಅಂಟುವಾಳದಲ್ಲಿ ನೊರೆ ಬರಿಸೋದು ಸ್ಯಾಪೋನಿನ್ ಅನ್ನೋ ಅಂಶ, ಅದು ಹಾಗೆ ಗಸಿ ಕಟ್ಟಲ್ಲ. ಬೋರ್ ನೀರಿನ ಮನೆಯವರಿಗೆ ನಾನು ಇದನ್ನು ಒತ್ತಿ ಹೇಳೋದು ಇದೇ ಕಾರಣಕ್ಕೆ.

ಊಟದ ತಟ್ಟೆ, ಲೋಟ, ಕುಕ್ಕರ್ ಎಲ್ಲ ಸಲೀಸಾಗಿ ಹೋಗುತ್ತೆ. ನೊರೆ ಕಡಿಮೆ, ಮೊದಮೊದಲು ಪಾತ್ರೆ ತೊಳೆದ ಹಾಗೇ ಅನ್ನಿಸಲ್ಲ, ಆಮೇಲೆ ಅಭ್ಯಾಸ ಆಗುತ್ತೆ. ಬಜ್ಜಿ ಕರಿದ ಬಾಣಲೆಗೆ ಮಾತ್ರ ಸಾಲದು. ಅದಕ್ಕೆ ಮೊದಲು ಒಂದು ಹಿಡಿ ಕಡಲೆ ಹಿಟ್ಟು ಉದುರಿಸಿ ಜಿಡ್ಡನ್ನೆಲ್ಲ ಹೀರಿಸಿ ಒರೆಸಿ, ಆಮೇಲೆ ಬಿಸಿನೀರು, ಅಂಟುವಾಳ. ತಳ ಹಿಡಿದ ಪಾಯಸದ ಪಾತ್ರೆಗೆ ಅಡುಗೆ ಸೋಡಾ ಹಾಕಿ ನೀರು ಕುದಿಸಿದರೆ ಕರಿ ತಾನಾಗಿ ಏಳುತ್ತೆ.

ನಲ್ಲಿ ಮೇಲಿನ ಬಿಳಿ ಕಲೆಗೆ ಅಂಟುವಾಳ ಏನೂ ಮಾಡಲ್ಲ. ಅದು ಸುಣ್ಣದ ಅಂಶ, ಅದಕ್ಕೆ ಹುಳಿಯೇ ಬೇಕು. ಅದೇ ಅಂಗಡಿಯಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಿಗುತ್ತೆ, ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಕರಗಿಸಿ, ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ದಯವಿಟ್ಟು ಕಡಪಾ ಕಲ್ಲು, ಶಹಾಬಾದ್ ಕಲ್ಲು, ಮಾರ್ಬಲ್ ಮೇಲೆ ಹನಿ ಬೀಳದ ಹಾಗೆ ನೋಡಿಕೊಳ್ಳಿ. ಅವೂ ಸುಣ್ಣದ ಜಾತಿಯ ಕಲ್ಲುಗಳೇ, ಹುಳಿ ತಿಂದುಬಿಡುತ್ತೆ. ನಮ್ಮ ಅಡುಗೆಮನೆ ಕಡಪಾ ಶೆಲ್ಫ್ ಮೇಲೆ ಲೋಟದ ತಳದಷ್ಟೇ ಗುಂಡಗೆ ಒಂದು ಮಂಕು ಕಲೆ ಇದೆ, ಎಷ್ಟು ಉಜ್ಜಿದರೂ ಹೋಗಿಲ್ಲ.

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು, ಉಪ್ಪೇ ಸರಿ. ಉಜ್ಜಿ ತೊಳೆದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿ, ಇಲ್ಲದಿದ್ದರೆ ಸಂಜೆಯೊಳಗೆ ಮತ್ತೆ ಮಂಕಾಗುತ್ತೆ. ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬಾಟಲಿಗೆ ತುಂಬಿಡಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಅದನ್ನು ನಂಬಬೇಡಿ. ಬುಸ್ ಅಂತ ಗುಳ್ಳೆ ಬರೋದು ನೋಡೋಕೆ ಚೆನ್ನ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತೆಗೆದುಹಾಕುತ್ತೆ. ಬ್ಲೀಚಿಂಗ್ ಪೌಡರ್ ಜೊತೆಗಂತೂ ಯಾವ ಹುಳಿಯನ್ನೂ ಸೇರಿಸಬೇಡಿ, ಬರೋದು ಕ್ಲೋರಿನ್ ವಿಷಗಾಳಿ.

ಅಂಟುವಾಳದ ತೊಂದರೆಗಳನ್ನೂ ಹೇಳಬೇಕು. ಕಾಯಿಸಿದ ನೀರು ಬೇಗ ಕೆಡುತ್ತೆ. ಏಪ್ರಿಲ್‌ನಲ್ಲಿ ಹೊರಗಿಟ್ಟಿದ್ದ ಬಾಟಲಿ ಮೂರೇ ದಿನಕ್ಕೆ ಉಬ್ಬಿ, ಮುಚ್ಚಳ ತೆಗೆದರೆ ಕೊಳೆತ ಹಣ್ಣಿನ ವಾಸನೆ. ಈಗ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸುತ್ತೇನೆ, ಬಾಟಲಿ ಮೇಲೆ 'ಕುಡಿಯಬೇಡಿ' ಅಂತ ದಪ್ಪಗೆ ಬರೆದು. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಮೀನಿಗೆ ಇದು ವಿಷ, ಅಕ್ವೇರಿಯಂ ಹತ್ತಿರ ಒಯ್ಯಲೇಬೇಡಿ. ಕ್ರಿಮಿ ಸಾಯಬೇಕು ಅನ್ನುವ ಕಡೆ, ಅಂದರೆ ಟಾಯ್ಲೆಟ್‌ಗೆ, ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆದಾಗ, ನಾನು ಫಿನಾಯಿಲನ್ನೇ ಬಳಸುತ್ತೇನೆ.

ನೆಲಕ್ಕೆ 5ಕ್ಕೆ 5 ಕೊಡುತ್ತೇನೆ, ದಿನದ ಪಾತ್ರೆಗೆ 4, ಜಿಡ್ಡಿನ ಬಾಣಲೆಗೆ 2. ಚರ್ಮ ಸುಲಿಯೋದು ನನಗೆ ಎರಡನೇ ತಿಂಗಳಲ್ಲೇ ನಿಂತಿತು. ಹಾಂ, ಸೋಸಿದ ಸಿಪ್ಪೆ ಎಸೆಯಬೇಡಿ, ಇನ್ನೊಂದು ಸಲ ಕುದಿಸಿದರೆ ತೆಳ್ಳಗೆ ಬರುತ್ತೆ, ಬಾಲ್ಕನಿ ತೊಳೆಯೋಕೆ ಅಷ್ಟು ಸಾಕು.