ಗುಳಿಗೆ ಮನೆಗೇ ಬರ್ತದ ಅಂತ ರೊಕ್ಕ ಹಾಕೋ ಮುಂಚೆ ಇದನ್ನ ಓದಿ

ಲಾಕ್‌ಡೌನ್ ಶುರುವಾದ ಮರುದಿನ, 2020ರ ಮಾರ್ಚ್ 26ರಂದು, ಕೇಂದ್ರ ಆರೋಗ್ಯ ಸಚಿವಾಲಯದ ಅಧಿಸೂಚನೆ ಬಂತು. ಲೈಸೆನ್ಸ್ ಇರುವ ಮೆಡಿಕಲ್ ಅಂಗಡಿಗಳು ಔಷಧವನ್ನು ಮನೆಗೆ ತಲುಪಿಸಬಹುದು ಅಂತ. ಊರಲ್ಲಿ ಹಬ್ಬಿದ್ದು ಮಾತ್ರ ಬೇರೆಯೇ: "ಈಗ ಡಾಕ್ಟರ ಚೀಟಿ ಬೇಕಾಗಿಲ್ರಿ, ಫೋನ್ ಹಚ್ಚಿದ್ರ ಎಲ್ಲಾ ಮನಿಗೇ ಬರ್ತದ." ಇದನ್ನು ನಂಬಿದ, ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯ ಒಂದು ಮನೆಯ ಪಾಡು ಇದು. ಮುಂದೆ ಇಂಥ ಆದೇಶ ಬಂದಾಗ ಮತ್ತೊಬ್ಬರಿಗೆ ಹೀಗಾಗಬಾರದು.

ಮನೆಯ ಹಿರಿಯರಿಗೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಫಿಟ್ಸ್‌ಗೆ ಕ್ಲೊನಾಜೆಪಾಮ್. ತೋರಿಸುತ್ತಿದ್ದದ್ದು ಕಲಬುರಗಿಯಲ್ಲಿ. ಮನೆಗೇ ಕಳಿಸ್ತೀನಿ ಅಂದವನೊಬ್ಬನಿಗೆ ಎರಡು ತಿಂಗಳ ಹಳೇ ಚೀಟಿಯ ಫೋಟೊ ವಾಟ್ಸಾಪ್ ಮಾಡಿ ಮುಂಗಡ ರೊಕ್ಕ ಹಾಕಿದರು. ನಾಲ್ಕನೇ ದಿನ ತರಕಾರಿ ಗಾಡಿಯಲ್ಲಿ ಪೊಟ್ಟಣ ಬಂತು. ಇನ್ಸುಲಿನ್ ಡಬ್ಬಿ ಮುಟ್ಟಿದರೆ ಬಿಸಿ. ಫಿಟ್ಸ್ ಗುಳಿಗೆ ಇಲ್ಲವೇ ಇಲ್ಲ. ಬಿಲ್ಲೂ ಇಲ್ಲ. ಕಳಿಸಿದವನ ಫೋನ್ ಬಂದ್.

ಆದೇಶದಲ್ಲಿ ಇದ್ದದ್ದೇನು? ಅಂಗಡಿ ಯಾವ ಕಂದಾಯ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯೊಳಗೆ ಮಾತ್ರ ತಲುಪಿಸಬೇಕು. ನಮ್ಮ ಭಾಗದವರು ಎಡವಿದ್ದು ಇಲ್ಲೇ. ಯಾದಗಿರಿ ಬೇರೆ ಜಿಲ್ಲೆಯಾಗಿ ವರ್ಷಗಳೇ ಕಳೆದರೂ ದೊಡ್ಡ ಕಾಯಿಲೆಗೆ ಜನ ಓಡುವುದು ಕಲಬುರಗಿಗೆ. ಕಲಬುರಗಿ ಅಂಗಡಿಯವರು ತಮ್ಮದೇ ಜಿಲ್ಲೆಯ ಜೇವರ್ಗಿಗೆ ಕಳಿಸಬಹುದಿತ್ತು, ಪಕ್ಕದ ಶಹಾಪುರಕ್ಕೆ ಕಳಿಸುವಂತಿರಲಿಲ್ಲ. ಕಮಲಾಪುರಕ್ಕೆ ಸರಿ, ಬೀದರ ಜಿಲ್ಲೆಯ ಹುಮನಾಬಾದಿಗೆ ಇಲ್ಲ. ಹೈದರಾಬಾದಿನಲ್ಲಿ ತೋರಿಸುವ ಬೀದರಿನವರು, ಸೊಲ್ಲಾಪುರಕ್ಕೆ ಹೋಗುವ ಆಳಂದದವರು ಇದನ್ನು ಇನ್ನೂ ಗಟ್ಟಿಯಾಗಿ ನೆನಪಿಡಬೇಕು. ಡಾಕ್ಟರು ಬೇರೆ ಊರಿನವರಾದರೆ ಅಡ್ಡಿಯಿಲ್ಲ, ಚೀಟಿ ಹೋಗಬೇಕಾದದ್ದು ನಿಮ್ಮದೇ ಜಿಲ್ಲೆಯ ಅಂಗಡಿಗೆ. ಗಡಿ ದಾಟಿಸಿ ಕೊಡ್ತೀನಿ ಅನ್ನುವವನು ಆದೇಶದ ಹೊರಗೆ ನಿಂತವನು.

ಚೀಟಿಗೂ ದಿನದ ಲೆಕ್ಕವಿತ್ತು. ಬಿಪಿ, ಸಕ್ಕರೆಯಂಥ ದೀರ್ಘ ಕಾಯಿಲೆಗಾದರೆ ಬರೆದ 30 ದಿನದೊಳಗೆ, ಜ್ವರ, ಭೇದಿಯಂಥ ತಕ್ಷಣದ ಕಾಯಿಲೆಗಾದರೆ 7 ದಿನದೊಳಗೆ ಕೊಡಬೇಕು. ಅದೂ ಕೈಯಾರೆ, ಇಲ್ಲವೇ ಅಂಗಡಿಯವರು ನೋಂದಾಯಿಸಿದ ಈಮೇಲ್‌ಗೆ.

ಇನ್ನು ಫಿಟ್ಸ್ ಗುಳಿಗೆ. ಸ್ಟ್ರಿಪ್ಪಿನ ಎಡ ಮೇಲ್ಮೂಲೆಯಲ್ಲಿ ಕೆಂಪಕ್ಷರದಲ್ಲಿ 'ಎನ್‌ಆರ್‌ಎಕ್ಸ್' ಅಂತಿದ್ದರೆ ಅದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ ಬರುವ ಔಷಧ. ಕ್ಲೊನಾಜೆಪಾಮ್ ಅಂಥದ್ದು. ಇವನ್ನೂ, ಶೆಡ್ಯೂಲ್ ಎಚ್1 ಮತ್ತು ಎಕ್ಸ್ ಎಂಬ ಬಿಗಿ ನಿಯಮದ ಸರಕಾರಿ ಪಟ್ಟಿಗಳ ಔಷಧಗಳನ್ನೂ ಮನೆಗೆ ತಲುಪಿಸುವ ಸವಲತ್ತಿನಿಂದ ಹೊರಗಿಟ್ಟಿದ್ದರು. ಟಿಬಿಯ ರಿಫಾಂಪಿಸಿನ್, ಬಹಳ ಮಂದಿ ನುಂಗುವ ಆ್ಯಂಟಿಬಯೋಟಿಕ್ ಸೆಫಿಕ್ಸಿಮ್ ಎರಡೂ ಎಚ್1ನಲ್ಲೇ ಇವೆ. ಅದೇ ದಿನ ಇನ್ನೊಂದು ಆದೇಶ ಮಲೇರಿಯಾ ಔಷಧವಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾರಾಟಕ್ಕೂ ಎಚ್1ರ ಬಿಗಿ ಹಾಕಿತು. ಇಂಥ ಗುಳಿಗೆಗೆ ಮನೆಯವರೊಬ್ಬರು ಚೀಟಿ ಹಿಡಿದು ಕೌಂಟರಿಗೇ ಹೋಗಬೇಕು. ಹತ್ತು ದಿನದ ಗುಳಿಗೆ ಉಳಿದಿರುವಾಗಲೇ ಹೊರಡಿ. ಕ್ಲೊನಾಜೆಪಾಮ್ ಒಮ್ಮೆಲೇ ನಿಂತರೆ ಫಿಟ್ಸ್ ಮರುಕಳಿಸಿ ಜೀವಕ್ಕೇ ಕುತ್ತು ಬರಬಹುದು.

ನಮಗೆ ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇನ್ಸುಲಿನ್. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ನಮ್ಮ ಏಪ್ರಿಲ್ ಬಿಸಿಲು 40 ದಾಟುತ್ತದೆ, ಮುಚ್ಚಿದ ಗಾಡಿಯೊಳಗೆ ಇನ್ನೂ ಹೆಚ್ಚು. ಪೊಟ್ಟಣ ಬಂದ ಕೂಡಲೇ, ತಂದವರ ಎದುರಿಗೇ ಬಿಚ್ಚಿ. ಬಿಸಿ ಇದ್ದರೆ ತಗೊಳ್ಳಬೇಡಿ. ಐಸ್ ಮೇಲೆ ನೇರ ಕೂರಿಸಿ ಹೆಪ್ಪುಗಟ್ಟಿಸಿದ್ದರೂ ಅದು ಕೆಟ್ಟದ್ದೇ. ಐಸಿಗೂ ಬಾಟಲಿಗೂ ನಡುವೆ ಬಟ್ಟೆ ಇರಬೇಕು. ಎರಡು ಬಗೆ ಬೆರೆಸಿದ 30/70 ಇನ್ಸುಲಿನ್ ಬಾಟಲಿಯನ್ನು ಅಂಗೈಗಳ ನಡುವೆ ಹತ್ತು ಸಲ ಮೆಲ್ಲಗೆ ಹೊರಳಿಸಿ. ಹಾಲಿನಂತೆ ಒಂದೇ ಸಮ ಆಗದೆ ಗಂಟು ಉಳಿದರೆ, ಗಾಜಿಗೆ ಬಿಳಿ ಪುಡಿ ಮೆತ್ತಿದ್ದರೆ ಬಳಸಬೇಡಿ. ರೆಗ್ಯುಲರ್ ಇನ್ಸುಲಿನ್ ನೀರಿನಂತೆ ತಿಳಿಯಾಗಿರಬೇಕು. ಕೆಲವೊಮ್ಮೆ ಕೆಟ್ಟದ್ದೂ ನೋಡಲಿಕ್ಕೆ ಚಲೋನೇ ಕಾಣುತ್ತದೆ. ಹೊಸ ಬಾಟಲಿ ಶುರು ಮಾಡಿದ ಮೇಲೆ ಸಕ್ಕರೆ ಏರುತ್ತಲೇ ಹೋದರೆ ನೀವಾಗಿಯೇ ಡೋಸ್ ಏರಿಸಬೇಡಿ. ಡಾಕ್ಟರಿಗೆ ಫೋನ್ ಮಾಡಿ, ಬಾಟಲಿ ಬದಲಿಸಿ.

ಬಿಲ್ ಈಮೇಲ್‌ನಲ್ಲಿ ಕಳಿಸಬೇಕೆಂದು ಅದೇ ಆದೇಶದಲ್ಲಿತ್ತು. ಅಂಗಡಿಯ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ಕಾಣುವ ಬಿಲ್ಲು ಕೈಸೇರುವವರೆಗೆ ಪೂರ್ತಿ ರೊಕ್ಕ ಕೊಡಬೇಡಿ. ಮೋಸವಾದರೆ ಪೊಟ್ಟಣ, ಸ್ಟ್ರಿಪ್, ರೊಕ್ಕ ಹಾಕಿದ ದಾಖಲೆ ಯಾವುದನ್ನೂ ಎಸೆಯದೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರೆದು ಕೊಡಿ.