ಮಕ್ಕಳಿಗೆ ವಿಡಿಯೊ ಪ್ಲೇಯರ್ ಕೊಳ್ಳುವವರು ಅಂಗಡಿಯವರ ಪೆನ್‌ಡ್ರೈವ್ ನಂಬಿ ಹಣ ಕೊಡಬೇಡಿ

ಬೆಳಗಾವಿಯ ಖಡೇಬಜಾರ ಕಡೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮಗಳಿಗಾಗಿ 4,500 ರೂಪಾಯಿ ಕೊಟ್ಟು ಮಡಚುವ ಪರದೆಯ ಸಣ್ಣ ಡಿವಿಡಿ ಪ್ಲೇಯರ್ ಒಂದನ್ನು ಕೊಂಡೆ. ಅದು ಮಕ್ಕಳ ಉಪಯೋಗಕ್ಕೆ ಬರುವಂಥದ್ದಲ್ಲ. ಅದನ್ನು ಮಾರಿದ ರೀತಿಯಂತೂ ಪ್ರಾಮಾಣಿಕವಾದದ್ದಲ್ಲವೇ ಅಲ್ಲ. ದೂರು ಇನ್ನೂ ಇತ್ಯರ್ಥವಾಗದ ಕಾರಣ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಇದೇ ಯಂತ್ರ ಬೇರೆ ಬೇರೆ ಹೆಸರು ಹೊತ್ತು ಬೇರೆ ಅಂಗಡಿಗಳಲ್ಲೂ ಮಾರಾಟಕ್ಕಿರುವುದನ್ನು ಕಂಡಿದ್ದೇನೆ, ಆದ್ದರಿಂದ ದಯವಿಟ್ಟು ಓದಿ.

ನಮಗೆ ಬೇಕಾಗಿದ್ದದ್ದು ಬಹಳ ಸರಳ. ಮೊಬೈಲ್ ಕೊಟ್ಟರೆ ಒಂದು ಶಿಶುಗೀತೆ ಮುಗಿಯುತ್ತಲೇ ಯೂಟ್ಯೂಬ್ ತಾನಾಗಿ ಇನ್ನೊಂದನ್ನು ಹಚ್ಚುತ್ತದೆ, ಮಗು ಬೆರಳಾಡಿಸುತ್ತ ಎಲ್ಲಿಗೋ ಹೋಗಿಬಿಡುತ್ತದೆ, ಹಗಲೆಲ್ಲ ಅವಳನ್ನು ನೋಡಿಕೊಳ್ಳುವ ನನ್ನ ತಾಯಿಯವರಿಗೆ ಅದನ್ನು ತಡೆಯುವುದು ಆಗದ ಮಾತು. ಇಂಟರ್‌ನೆಟ್ ಇಲ್ಲದ, ನಾವೇ ಆರಿಸಿ ತುಂಬಿದ ಹಾಡು, ಕಥೆಗಳನ್ನಷ್ಟೇ ತೋರಿಸುವ, ದೊಡ್ಡ ಗುಂಡಿಗಳ ಯಂತ್ರವೊಂದು ಸಾಕಿತ್ತು. ಇದನ್ನೆಲ್ಲ ಅಂಗಡಿಯವರಿಗೆ ಬಿಡಿಸಿ ಹೇಳಿದೆ; ಮೊಬೈಲಿನಲ್ಲಿ ತೆಗೆದ ವಿಡಿಯೊಗಳು, ಡೌನ್‌ಲೋಡ್ ಮಾಡಿದ ಎಂಪಿ4 ಫೈಲ್‌ಗಳು ಓಡಲೇಬೇಕೆಂದು ಒತ್ತಿಯೂ ಹೇಳಿದೆ. “ಎಲ್ಲಾ ಓಡ್ತೈತ್ರಿ ಸರ, ನೀವು ಏನ್ ಹಾಕಿದ್ರೂ ಓಡ್ತೈತಿ,” ಎಂದರು. ಪೆಟ್ಟಿಗೆಯ ಮೇಲೂ ಎಂಪಿ4 ಎಂದು, 1080ಪಿ (ಅಂದರೆ 1920x1080 ಚುಕ್ಕಿಗಳ ಸ್ಪಷ್ಟ ಚಿತ್ರ) ಎಂದು ದಪ್ಪಕ್ಷರಗಳಿದ್ದವು. ಅವರು ತಮ್ಮ ಪೆನ್‌ಡ್ರೈವ್ ಚುಚ್ಚಿ ಒಂದು ಕಾರ್ಟೂನ್ ಹಾಕಿದರು, ಅದು ಚೆನ್ನಾಗಿಯೇ ಓಡಿತು. ನನ್ನ ಪೆನ್‌ಡ್ರೈವನ್ನೂ ಹಚ್ಚಿ ತೋರಿಸಿ ಎಂದಾಗ ಮಾತ್ರ, “ವೈರಸ್ ಇರ್ತಾವ್ರಿ, ಹೊಸಾ ಮಷೀನ್‌ಗೆ ಹಾಕೂದು ಬ್ಯಾಡ್ರಿ,” ಎಂದು ತಡೆದರು. ಕಂಪ್ಯೂಟರಿನ ವೈರಸ್ ಇಂಥ ಪ್ಲೇಯರಿನಲ್ಲಿ ಏನು ಮಾಡೀತು ಎಂದು ಈಗ ಕೇಳಬೇಕೆನಿಸುತ್ತದೆ.

ಮನೆಯಲ್ಲಿ ನನ್ನ ಎಂಪಿ4 ಫೈಲ್‌ಗಳನ್ನು ಹಾಕಿದರೆ ಕೆಲವಕ್ಕೆ ಧ್ವನಿ ಬಂತು, ಚಿತ್ರ ಬರಲಿಲ್ಲ; ಉಳಿದವು ತೆರೆಯಲೇ ಇಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳೆಲ್ಲ ಬರಿಯ ಚೌಕಗಳಾಗಿ ಕಂಡವು. ಆಫ್ ಮಾಡಿ ಮತ್ತೆ ಹಚ್ಚಿದರೆ ಕಥೆ ಮೊದಲಿನಿಂದಲೇ ಶುರು. ಐದು ತಾಸು ಬರುತ್ತದೆಂದು ಹೇಳಿದ್ದ ಬ್ಯಾಟರಿ ಒಂದು ತಾಸೂ ಬಾಳಲಿಲ್ಲ. ಟಿವಿ ಬರುತ್ತದೆಂದು ಆಂಟೆನಾ ಬೇರೆ ಕೊಟ್ಟಿದ್ದಾರೆ. ಇಂಥ ಆಂಟೆನಾಗೆ ಸಿಗುತ್ತಿದ್ದ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಬಹುತೇಕ ಎಲ್ಲವನ್ನೂ ದೂರದರ್ಶನ ಮುಚ್ಚಿದ ಮೇಲೆ ಅದರಿಂದ ಏನು ಬರಬೇಕು? ಇನ್ನು ಆ 1080ಪಿ: ಪರದೆಯಲ್ಲಿರುವುದು 800x480 ಚುಕ್ಕಿಗಳಷ್ಟೇ ಎಂಬುದು ಕೈಪಿಡಿಯ ಕೊನೆಯ ಪುಟದಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿದೆ.

ಮರಳಿ ಹೋದಾಗ ಅವರು ಮತ್ತೆ ಅದೇ ಪೆನ್‌ಡ್ರೈವ್ ಚುಚ್ಚಿ, ಅದೇ ಕಾರ್ಟೂನ್ ಹಚ್ಚಿ, ಅಲ್ಲಿದ್ದ ಗಿರಾಕಿಗಳೆಲ್ಲರಿಗೂ ಕೇಳುವಂತೆ, “ನೋಡ್ರಿ, ಮಷೀನ್ ಛಲೋನ ಐತ್ರಿ, ನಿಮ್ಮ ಫೈಲ್ ಕೆಟ್ಟಾವ್ರಿ,” ಎಂದರು. ಯಾರೋ ನಕ್ಕರು. ಆ ಪೆನ್‌ಡ್ರೈವನ್ನು ನಿಮ್ಮ ಲ್ಯಾಪ್‌ಟಾಪಿಗೇ ಹಾಕಿ ಎಂದು ನಾನು ಹಟ ಹಿಡಿದೆ. ಹಾಕಿದರು. ಅದರಲ್ಲಿ ಇದ್ದದ್ದೆಲ್ಲ ಎವಿಐ ಎಂಬ ಹಳೆಯ ಬಗೆಯ ವಿಡಿಯೊ ಫೈಲ್‌ಗಳು, ಒಂದೇ ಒಂದು ಎಂಪಿ4 ಇರಲಿಲ್ಲ! ಆ ಯಂತ್ರ ಏನನ್ನು ಓಡಿಸಬಲ್ಲದೋ ಅದನ್ನಷ್ಟೇ ತುಂಬಿ, ಬಂದವರಿಗೆಲ್ಲ ಅದನ್ನೇ ತೋರಿಸಿ ಮಾರುತ್ತಿದ್ದಾರೆ. ಗೊತ್ತಿದ್ದೇ ಮಾರುತ್ತಿದ್ದಾರೆ. ಎಂಪಿ4 ಎಂಬುದು ಹೊರಗಿನ ಡಬ್ಬಿ ಮಾತ್ರ. ಒಳಗಿನ ಚಿತ್ರವನ್ನು ಇಂದು ಸಾಮಾನ್ಯವಾಗಿ ಎಚ್.264 ಅಥವಾ ಎಚ್.265 ಎಂಬ ವಿಧಾನದಲ್ಲಿ ಕುಗ್ಗಿಸಿ ಇಟ್ಟಿರುತ್ತಾರೆ, ಇಂಥ ಅಗ್ಗದ ಪ್ಲೇಯರುಗಳಲ್ಲಿ ಹಲವಕ್ಕೆ ಎಕ್ಸ್‌ವಿಡ್‌ನಂಥ ಹಳೆಯ ವಿಧಾನಗಳಷ್ಟೇ ತಿಳಿಯುತ್ತವೆ. ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: “ಇಷ್ಟ್ ರೊಕ್ಕಕ್ಕ ಇಷ್ಟ ಬರೂದ್ರಿ.” ಹಾಗಾದರೆ ಏನು ಹಾಕಿದರೂ ಓಡುತ್ತದೆ ಎಂದದ್ದು ಯಾರು? ಆ ಪ್ರಶ್ನೆಗೆ ಉತ್ತರವಿಲ್ಲ. ಮುಂದಿನ ಗಿರಾಕಿಯ ಕಡೆ ತಿರುಗಿದರು.

ಕೊಟ್ಟಿದ್ದದ್ದು ಪಕ್ಕಾ ಬಿಲ್ ಅಲ್ಲ, ಎಸ್ಟಿಮೇಟ್ ಎಂಬ ಚೀಟಿ. ಅದರ ಕೆಳಗೆ “ಮಾರಿದ ಮಾಲು ವಾಪಸು ಇಲ್ಲ” ಎಂಬ ಮುದ್ರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೂ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಮರಳಿ ಪಡೆದು ಹಣ ಕೊಡಲು ಒಪ್ಪದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಯುಪಿಐ ಮೂಲಕ ಹಣ ಕೊಟ್ಟಿದ್ದರಿಂದ ನನ್ನ ಬಳಿ ಪುರಾವೆ ಉಳಿದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ.

ಕೊಳ್ಳುವವರು ತಮ್ಮದೇ ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲಿ ಫ್ಯಾಟ್32ಗೆ (ಇಂಥ ಪ್ಲೇಯರುಗಳು ಸಾಮಾನ್ಯವಾಗಿ ಓದಬಲ್ಲ ಹಳೆಯ ಜೋಡಣೆ) ಫಾರ್ಮ್ಯಾಟ್ ಮಾಡಿ, ಮಗು ನಿಜವಾಗಿ ನೋಡುವ ಫೈಲ್‌ಗಳನ್ನೇ ತುಂಬಿಕೊಂಡು ಹೋಗಿ. ಹಚ್ಚಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಧ್ಯದಲ್ಲಿ ಆಫ್ ಮಾಡಿ, ನಿಂತಲ್ಲಿಂದ ಮುಂದುವರಿಯುತ್ತದೆಯೇ ನೋಡಿ. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ಪೈಸೆಯನ್ನೂ ಕೊಡಬೇಡಿ, ಎಷ್ಟೇ ನಯವಾಗಿ ಮಾತನಾಡಲಿ.

ನಿನ್ನೆ ಅಂಗಡಿಯಿಂದ ಫೋನ್ ಬಂದಿತ್ತು. “ಕಂಪ್ಲೇಂಟ್ ತೆಗೀರಿ ಸರ, ಬದಲಿ ಒಂದ್ ಬ್ಲೂಟೂತ್ ಸ್ಪೀಕರ್ ಒಯ್ಯಿರಿ,” ಎಂದರು. ನನಗೆ ಸ್ಪೀಕರ್ ಬೇಡ, ಪೂರ್ತಿ ಹಣ ಬೇಕು ಎಂದು ಹೇಳಿ ಫೋನ್ ಇಟ್ಟಿದ್ದೇನೆ.