ಸುಭಾಸ ರಸ್ತೆಯ ಅನುವಾದ ಕಚೇರಿ: ಅವ್ವನ ಸಾಕ್ಷಿ ಅವ್ವನ ಮಾತಿನಲ್ಲೇ

ಧಾರವಾಡದ ಸುಭಾಸ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಯೊಂದರ ಮೇಲೆ ಪುಟ್ಟ ಅನುವಾದ ಕಚೇರಿಯಿದೆ. ಹೊರದೇಶದ ಕೋರ್ಟಿಗೆ ಕನ್ನಡದ ಕಾಗದ ಕಳುಹಿಸಬೇಕಾದವರಿಗೆ ಉಪಯೋಗವಾಗಲಿ ಎಂದು ಅದರ ಬಗ್ಗೆ ಬರೆಯುತ್ತಿದ್ದೇನೆ.

ಓದಲು ಇಂಗ್ಲೆಂಡಿಗೆ ಹೋಗಿದ್ದ ನನ್ನ ತಮ್ಮನನ್ನು ವೀಸಾ ತಕರಾರಿನಲ್ಲಿ ವಲಸೆ ಬಂಧನ ಕೇಂದ್ರಕ್ಕೆ ಹಾಕಿದ್ದರು. ಪಾಸ್‌ಪೋರ್ಟ್ ಅಧಿಕಾರಿಗಳ ಕೈಯಲ್ಲೇ ಇತ್ತು, ಊರಿಗೆ ಮರಳಲು ಸಿದ್ಧನಿದ್ದೇನೆ ಎಂದು ಅವನು ಬರೆದುಕೊಟ್ಟೂ ಇದ್ದ. ಆದರೂ ವಾರಗಟ್ಟಲೆ ಕೂಡಿಹಾಕಿದರು. ವಲಸೆ ಬಂಧನಕ್ಕೆ ಇಷ್ಟೇ ದಿನ ಎಂಬ ಒಟ್ಟು ಮಿತಿ ಬ್ರಿಟನ್ನಿನ ಕಾನೂನಿನಲ್ಲಿಲ್ಲ. ಆದರೆ ಹರ್ದಿಯಾಲ್ ಸಿಂಗ್ ಎಂಬ ಭಾರತೀಯನ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ 1983ರಲ್ಲಿ ಹೇಳಿದ್ದನ್ನು ಇವತ್ತಿಗೂ ಪಾಲಿಸುತ್ತಾರೆ: ವಾಪಸ್ ಕಳುಹಿಸಲು ಬೇಕಾದ ಸಮಂಜಸ ಅವಧಿಗಷ್ಟೇ ಹಿಡಿದಿಡಬಹುದು, ಆ ಕೆಲಸವನ್ನು ಅಧಿಕಾರಿಗಳು ತಡಮಾಡದೆ ನಡೆಸಬೇಕು. ಅದನ್ನು ಮೀರಿದರೆ ಅಕ್ರಮ ಬಂಧನ, ಪರಿಹಾರ ಕೇಳಬಹುದು. ನಮ್ಮ ಸುಪ್ರೀಂ ಕೋರ್ಟ್ ಕೂಡ ಅದೇ 1983ರಲ್ಲಿ, ಖುಲಾಸೆಯಾದ ಮೇಲೂ 14 ವರ್ಷ ಬಿಹಾರದ ಜೈಲಿನಲ್ಲಿ ಕೊಳೆತ ರುದುಲ್ ಸಾಹನಿಗೆ 35,000 ರೂಪಾಯಿ ಕೊಡಿಸಿತ್ತು. ಹದಿನಾಲ್ಕು ವರ್ಷಕ್ಕೆ ಅದು ಏನೇನೂ ಅಲ್ಲ. ಆದರೂ ಕಸಿದುಕೊಂಡ ದಿನಗಳಿಗೆ ಸರಕಾರ ಲೆಕ್ಕ ಕೊಡಬೇಕೆಂದು ನಮ್ಮಲ್ಲಿ ಗಟ್ಟಿಯಾಗಿ ಹೇಳಿದ ತೀರ್ಪು ಅದು.

ನನ್ನ ತಮ್ಮ ಬಿಡುಗಡೆಯಾಗಿ ಊರಿಗೆ ಬಂದ ಮೇಲೆ, ಪರಿಹಾರದ ದಾವೆಗಾಗಿ ಅವನ ಪರ ವಕೀಲರು ಅವ್ವನ ಹೇಳಿಕೆ ಕೇಳಿದರು. ಬಂಧನಕ್ಕೆ ಮುಂಚೆ ಮಗ ಹೇಗಿದ್ದ, ಈಗ ಹೇಗಿದ್ದಾನೆ ಎಂಬುದು ಪರಿಹಾರದ ಮೊತ್ತಕ್ಕೆ ಮುಖ್ಯವಂತೆ. ಹುಬ್ಬಳ್ಳಿಯಲ್ಲಿ ವಿಚಾರಿಸಿದ ಕಡೆಯೆಲ್ಲ, ಇಂಗ್ಲಿಷಿನಲ್ಲಿ ಟೈಪ್ ಮಾಡಿ ಸಹಿ ಹಾಕಿಸಿದರೆ ಮುಗಿಯಿತು ಎಂದರು. ಇಲ್ಲಿನ ಅನುವಾದಕಿ ಮಾತ್ರ ಮೊದಲು ಇಂಗ್ಲೆಂಡಿನ ಸಿವಿಲ್ ಕೋರ್ಟುಗಳ ನಿಯಮ ತೆರೆದು ತೋರಿಸಿದರು. ಹೇಳಿಕೆ ಸಾಕ್ಷಿಯ ಸ್ವಂತ ಭಾಷೆಯಲ್ಲೇ ಸಿದ್ಧವಾಗಬೇಕು, ಇದು ಸತ್ಯ ಎಂಬ ದೃಢೀಕರಣವೂ ಅದೇ ಭಾಷೆಯಲ್ಲಿರಬೇಕು. ಅನುವಾದ ಅದರ ಜೊತೆಗೆ ಹೋಗಬೇಕು.

ಮೆಟ್ಟಿಲು ಕಡಿದಾಗಿವೆ, ಅವ್ವನಿಗೆ ಮೊಣಕಾಲು ನೋವು. ಅನುವಾದಕಿಯೇ ಕೆಳಗಿಳಿದು ಬಂದು ಝೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕುಳಿತರು. ಅವ್ವ ತಾರೀಖು ಲೆಕ್ಕದಲ್ಲಿ ಹೇಳುವವಳಲ್ಲ. "ಸೀಗೆ ಹುಣ್ಣಿಮೆಯ ಮರುದಿನದಿಂದ ಫೋನ್ ಬರಲಿಲ್ಲ" ಎಂದಳು. ಅನುವಾದಕಿ ಅದನ್ನು ಹಾಗೆಯೇ ಬರೆದುಕೊಂಡರು. ಆಮೇಲೆ ಗೋಡೆಯ ಮೊಳೆಗೆ ಒಂದರ ಮೇಲೊಂದು ತೂಗುಹಾಕಿದ್ದ ಕ್ಯಾಲೆಂಡರುಗಳಲ್ಲಿ ಹಳೆಯದನ್ನು ಹುಡುಕಿ, ನನ್ನ ಮೊಬೈಲಿನ ಕರೆಗಳೊಂದಿಗೆ ತಾಳೆ ನೋಡಿ, ತಾರೀಖನ್ನು ಪಕ್ಕದಲ್ಲಿ ಸೇರಿಸಿದರು. ಮಗ ಈಗ ಪಡಸಾಲೆಯಲ್ಲೇ ಮಲಗುತ್ತಾನೆ, ಬಾಗಿಲಿಗೆ ಚಿಲಕ ಹಾಕಗೊಡುವುದಿಲ್ಲ ಎಂದು ಹೇಳುವಾಗ ಅವ್ವನ ಗಂಟಲು ಕಟ್ಟಿತು. ಅನುವಾದಕಿ ಪೆನ್ನು ಕೆಳಗಿಟ್ಟು ಚಹಾ ತರಿಸಿದರು. ಝೆರಾಕ್ಸ್ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಲು ಅಂಗಡಿಯವರಿಗೆ ಹೇಳಿದರು. ಎಲ್ಲ ಬರೆದಾದ ಮೇಲೆ ಒಂದೊಂದೇ ಸಾಲು ಓದಿ, "ಅವ್ವಾ, ನೀವು ಹೇಳಿದ್ದು ಇದೇ ಹೌದಲ್ಲ?" ಎಂದು ಕೇಳಿದರು. ಅವ್ವ ತಿದ್ದಿಸಿದ ಕಡೆ ತಿದ್ದಿದರು. ಅಷ್ಟು ತಿಂಗಳಲ್ಲಿ ಯಾವ ಕಚೇರಿಯಲ್ಲೂ ಅವ್ವನ ಮಾತಿಗೆ ಆ ಬೆಲೆ ಸಿಕ್ಕಿರಲಿಲ್ಲ.

ಕೊರತೆಗಳೂ ಇವೆ. ಪುಟಕ್ಕೆ 400 ರೂಪಾಯಿ, ಬೇರೆ ಕಡೆಗಿಂತ ದುಬಾರಿ. ಒಂದು ಪುಟದ ಮೇಲೆ ಮೊಹರು ಮಸುಕಾಗಿ ಬಿದ್ದು, ವಕೀಲರು ಹಿಂದಿರುಗಿಸಿದ್ದರಿಂದ ಮತ್ತೊಮ್ಮೆ ಹೋಗಬೇಕಾಯಿತು. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ನೋಟರಿ ಬೇಕಿದ್ದರೆ ನೀವೇ ನೋಡಿಕೊಳ್ಳಬೇಕು. ಕಾನೂನು ಸಲಹೆಯನ್ನೂ ಅವರು ಕೊಡುವುದಿಲ್ಲ, ವಕೀಲರನ್ನೇ ಕೇಳಿ ಎನ್ನುತ್ತಾರೆ. ಅದು ಸರಿಯೇ.

ಇಂಥ ಪ್ರಕರಣವಿರುವವರು ಕಾಗದ ಹೊಂದಿಸುವುದನ್ನು ಮುಂದೂಡಬೇಡಿ. ಅಕ್ರಮ ಬಂಧನದ ದಾವೆಗೆ ಇಂಗ್ಲೆಂಡಿನಲ್ಲಿ 6 ವರ್ಷದ ಗಡುವಿದೆ, ಮಾನವ ಹಕ್ಕುಗಳ ಕಾಯ್ದೆಯಡಿ ಕೇಳುವುದಾದರೆ ಸಾಮಾನ್ಯವಾಗಿ 1 ವರ್ಷ ಮಾತ್ರ. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಜ್ಯುಬಿಲಿ ವೃತ್ತಕ್ಕೆ ಬಂದು ನಡೆದೇ ಹೋಗಬಹುದು. ಜೊತೆಗೆ ವಯಸ್ಸಾದವರಿದ್ದರೆ ಮೊದಲೇ ಹೇಳಿಡಿ, ಅವರೇ ಕೆಳಗೆ ಬರುತ್ತಾರೆ.